ಬಿಸಿ ಪಾತ್ರೆ ಮುಟ್ಟಿದಾಗ ನೋವು ಗೊತ್ತಾಗುವ ಮೊದಲೇ ಕೈ ಹಿಂದೆ ಬರುವುದೇಕೆ?

ಆ ಕೆಲಸಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ, ಅದಕ್ಕೇ. ಮಿದುಳು ಮತ್ತು ಬೆನ್ನುಹುರಿ ನಮ್ಮ ನರಮಂಡಲದ ಕೇಂದ್ರ. ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಮೈಯೆಲ್ಲ ಹರಡಿವೆ.

ಬೆರಳು ಬಿಸಿ ಪಾತ್ರೆಗೆ ತಾಗಿತು ಅಂದುಕೊಳ್ಳಿ. ಚರ್ಮದಲ್ಲಿರುವ ನರಗಳ ತುದಿ ಬಿಸಿಯನ್ನು ಗುರುತಿಸಿ, ವಿದ್ಯುತ್ ಸಂಕೇತವಾಗಿ ಬೆನ್ನುಹುರಿಗೆ ಕಳಿಸುತ್ತದೆ. ಅಲ್ಲಿ ನರಕೋಶಗಳ ನಡುವೆ ಕೂದಲಿಗಿಂತ ಎಷ್ಟೋ ಸಣ್ಣ ಸಂದು ಇದೆ. ಅದನ್ನು ಸುದ್ದಿ ದಾಟುವುದು ರಾಸಾಯನಿಕಗಳ ಮೂಲಕ. ಬೆನ್ನುಹುರಿ ಅಲ್ಲಿಂದಲೇ ತೋಳಿನ ಸ್ನಾಯುಗಳಿಗೆ ಆದೇಶ ಕೊಡುತ್ತದೆ. ಕೈ ಹಿಂದೆ ಬಂತು! ಅದೇ ಸುದ್ದಿ ಮಿದುಳಿಗೂ ಹೋಗುತ್ತದೆ, ಆದರೆ ತುಸು ತಡವಾಗಿ. "ಅಮ್ಮಾ" ಅಂತ ಕೂಗುವುದು ಆಮೇಲೆ, ಅಲ್ವಾ?

ಸಕ್ಕರೆ ಕಾಯಿಲೆ ಇದ್ದವರಲ್ಲಿ ಪಾದದ ನರಗಳು ಹಾಳಾಗಿ ಬಿಸಿ ಗೊತ್ತಾಗದೇ ಹೋಗಬಹುದು. ಅವರು ಬಿಸಿನೀರಿಗೆ ಕಾಲಿಡುವ ಮೊದಲು ಮನೆಯವರಿಂದ ಮುಟ್ಟಿ ನೋಡಿಸಲಿ.