ಚಿತ್ರದಲ್ಲಿ ಶೇ 19, ತೂಕದ ಲೆಕ್ಕದಲ್ಲಿ ಶೇ 58: ಮಣ್ಣಿನ ರಂಧ್ರಗಳ ಯಾವ ಅಂಕಿ ಸರಿ?

ಸೋಮವಾರಪೇಟೆ ಕಡೆಯ ಕಾಫಿ ತೋಟದಿಂದ ತಂದ ಮಣ್ಣಿನ ಬ್ಲಾಕಿಗೆ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟುದ್ರವ) ಇಳಿಸಿ, ಕೊಯ್ದ ಮೈಯ ಚಿತ್ರವನ್ನು ಇಮೇಜ್‌ಜೆ ಎಂಬ ಚಿತ್ರ ಅಳೆಯುವ ತಂತ್ರಾಂಶದಲ್ಲಿ ಅಳೆದಾಗ ರಂಧ್ರಗಳು ಶೇ 19 ಬಂದವು, ಸಾಂದ್ರತೆಯಿಂದ ಲೆಕ್ಕ ಹಾಕಿದರೆ ಶೇ 58 ಬರುತ್ತದೆ, ಎಲ್ಲಿ ತಪ್ಪಿದೆ ಎಂದು ಕೇಳಿದ್ದೀರಿ. ಇದೇ ಜಿಲ್ಲೆಯ ತೋಟ ಮತ್ತು ಗದ್ದೆಗಳ ಮಣ್ಣನ್ನು ಕೆಲವು ವರ್ಷ ಹೀಗೆಯೇ ಅಳೆದವನಾಗಿ ಹೇಳುವುದಾದರೆ, ಎರಡೂ ಸರಿಯಿರಬಹುದು.

ನಿಮ್ಮ ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.1 ಗ್ರಾಂ. ಕಣಗಳ ಸಾಂದ್ರತೆಯನ್ನು 2.65 ಎಂದು ಹಿಡಿದರೆ ಖಾಲಿ ಜಾಗ ಶೇ 58 ಆಗುತ್ತದೆ. ಇದರಲ್ಲಿ ಜೇಡಿಯ ಕಣಗಳ ನಡುವಿನ, ಒಂದು ಮೈಕ್ರಾನಿಗಿಂತಲೂ ಸಣ್ಣ ಸಂದುಗಳೆಲ್ಲ ಸೇರಿವೆ. ನಿಮ್ಮ ಚಿತ್ರದಲ್ಲಾದರೋ ಒಂದು ಪಿಕ್ಸೆಲ್ ಎಂದರೆ 20 ಮೈಕ್ರಾನ್, ಮತ್ತು ಕನಿಷ್ಠ ಮೂರು ಪಿಕ್ಸೆಲ್ ಅಗಲವಿಲ್ಲದ ರಂಧ್ರವನ್ನು ನಾನು ನಂಬುವುದಿಲ್ಲ. ಆದ್ದರಿಂದ ನೀವು ಅಳೆದದ್ದು 60 ಮೈಕ್ರಾನಿಗಿಂತ ದೊಡ್ಡ ರಂಧ್ರಗಳನ್ನು ಮಾತ್ರ, ಅಂದರೆ ಮಳೆ ನಿಂತ ಮೇಲೆ ನೀರು ಬೇಗ ಬಸಿದುಹೋಗುವ ದಾರಿಗಳನ್ನು.

ಇದನ್ನು ಪರೀಕ್ಷಿಸಲು ದುಬಾರಿ ಯಂತ್ರ ಬೇಡ. ರಂಧ್ರದ ವ್ಯಾಸ ಮೈಕ್ರಾನಿನಲ್ಲಿ ಎಷ್ಟಿದೆಯೋ ಅದರಿಂದ 300ನ್ನು ಭಾಗಿಸಿದರೆ, ಆ ರಂಧ್ರ ಬರಿದಾಗಲು ಬೇಕಾದ ಎಳೆತ ಕಿಲೋಪಾಸ್ಕಲ್‌ನಲ್ಲಿ ಸುಮಾರಾಗಿ ಸಿಗುತ್ತದೆ. 60 ಮೈಕ್ರಾನಿಗೆ ಅದು 5 ಕಿಲೋಪಾಸ್ಕಲ್, ಎಂದರೆ ಸುಮಾರು 50 ಸೆಂಟಿಮೀಟರ್ ನೀರಿನ ಕಂಬ. ಪಕ್ಕದಲ್ಲೇ ಲೋಹದ ಉಂಗುರ ಇಳಿಸಿ ತೆಗೆದ ಮಣ್ಣನ್ನು ಉಂಗುರದ ಸಮೇತ ಕೆಳಗಿನಿಂದ ನಿಧಾನವಾಗಿ ನೆನೆಸಿ, ನುಣ್ಣನೆಯ ಮರಳಿನ ತೊಟ್ಟಿಯ ಮೇಲಿಟ್ಟು, ನೀರು ಹೊರಬೀಳುವ ನಳಿಕೆಯ ತುದಿಯನ್ನು ಉಂಗುರದ ನಡುಮಟ್ಟದಿಂದ 50 ಸೆಂಟಿಮೀಟರ್ ಕೆಳಕ್ಕೆ ಇಳಿಸಿ. ಬಸಿದ ನೀರು ಗಾತ್ರದಲ್ಲಿ ಶೇ 19ರ ಆಸುಪಾಸಿನಲ್ಲಿದ್ದರೆ ನಿಮ್ಮ ಚಿತ್ರವನ್ನು ನಂಬಬಹುದು.

ಬಹಳ ದೂರ ತಪ್ಪಿದರೆ ಮೊದಲು ಥ್ರೆಶೋಲ್ಡನ್ನು, ಅಂದರೆ ಯಾವ ಛಾಯೆಯವರೆಗೆ ರಂಧ್ರ, ಎಲ್ಲಿಂದ ಮಣ್ಣು ಎಂದು ಬೇರ್ಪಡಿಸುವ ಗಡಿಯನ್ನು, ಅನುಮಾನಿಸಿ. ಆ ಗಡಿಯನ್ನು ತಾನಾಗಿ ಆರಿಸುವ 1979ರ ಓಟ್ಸು ವಿಧಾನವು, ಯಾವ ಬೂದುಛಾಯೆಯ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ನಕ್ಷೆಯಲ್ಲಿ ಎರಡು ದಿಬ್ಬಗಳು ಸ್ಪಷ್ಟವಾಗಿದ್ದಾಗ ಚೆನ್ನಾಗಿ ನಡೆಯುತ್ತದೆ, ಆದರೆ ತೋಟದ ಮೇಲ್ಮಣ್ಣಿನ ಸಾದಾ ಚಿತ್ರದಲ್ಲಿ ಅನೇಕ ಸಲ ಇರುವುದೇ ಒಂದು ದಿಬ್ಬ. ನಾನು ಮೊದಲ ಸಲ ಬಣ್ಣವಿಲ್ಲದ ರೆಸಿನ್ ಬಳಸಿದ್ದೆ. ಕೊಳೆತ ಎಲೆಯ ಕಪ್ಪು ಚೂರು, ಇದ್ದಿಲಿನ ತುಣುಕು, ಎಲ್ಲವೂ ರಂಧ್ರದ ಲೆಕ್ಕಕ್ಕೆ ಸೇರಿಹೋದವು. ರೆಸಿನ್‌ಗೆ ಪ್ರತಿದೀಪ್ತಿಯ ಬಣ್ಣ ಬೆರೆಸಿ ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದಾಗಲೇ ವ್ಯತ್ಯಾಸ ಕಂಡದ್ದು: ಮಣ್ಣೆಲ್ಲ ಕಪ್ಪು, ಎರೆಹುಳದ ಸುರಂಗ ಮಾತ್ರ ತಿಳಿನೀಲಿಯಾಗಿ ಹೊಳೆಯುತ್ತಿತ್ತು, ಅದರ ಗೋಡೆಯಿಂದ ಒಂದು ಬೇರಿನ ಜಾಡು ಕೂದಲಿನಂತೆ ಕವಲೊಡೆದಿತ್ತು. ಆಗಲೂ ಥ್ರೆಶೋಲ್ಡನ್ನು ಐದೈದು ಹಂತ ಮೇಲೆ ಕೆಳಗೆ ಸರಿಸಿ ಉತ್ತರ ಎಷ್ಟು ಅಲುಗುತ್ತದೆ ಎಂಬುದನ್ನು ಬರೆದಿಡಿ.

ಎರಡನೆಯ ಅನುಮಾನ ಒಣಗಿಸಿದ ಕ್ರಮದ ಮೇಲೆ. ಜುಲೈ ಮಳೆಯಲ್ಲಿ ತೆಗೆದ ಬ್ಲಾಕುಗಳು ಹಸಿಯಾಗಿದ್ದು ರೆಸಿನ್ ಗಟ್ಟಿಯಾಗದಿದ್ದಾಗ, ನಾನು ಆತುರಪಟ್ಟು ಅವನ್ನು 105 ಡಿಗ್ರಿಯ ಒಲೆಯಲ್ಲಿ ಒಣಗಿಸಿದೆ. ಜೇಡಿ ಕುಗ್ಗಿ ಬಿರುಕು ಬಿಟ್ಟಿತು, ಇಮೇಜ್‌ಜೆ ಆ ಬಿರುಕುಗಳನ್ನೂ ಪ್ರಾಮಾಣಿಕವಾಗಿ ಎಣಿಸಿಕೊಟ್ಟಿತು. ಒಂದು ಇಡೀ ಮಳೆಗಾಲದ ಮಾದರಿಗಳು ಹಾಗೆ ಹೋದವು. ನೀರನ್ನು ಹಂತಹಂತವಾಗಿ ಅಸಿಟೋನಿನಿಂದ ಬದಲಾಯಿಸುವುದೇ ಸರಿಯಾದ ದಾರಿ. ದಿನಗಳು ಹಿಡಿಯುತ್ತವೆ, ಹತ್ತಿರ ಬೆಂಕಿ ಇರಕೂಡದು.

ವಿಸ್ತೀರ್ಣದ ಪಾಲು ಗಾತ್ರದ ಪಾಲಿಗೆ ಸಮ ಎಂಬುದನ್ನು ಫ್ರೆಂಚ್ ಭೂವಿಜ್ಞಾನಿ ಡೆಲೆಸ್ 1847ರಲ್ಲೇ ತೋರಿಸಿದ್ದಾನೆ. ಆದ್ದರಿಂದ ಶೇ 19 ಎನ್ನುವುದಕ್ಕೆ ಕೊಯ್ತದ ಚಿತ್ರ ಸಾಕು. ಆಕಾರಕ್ಕೆ ಸಾಲದು. ನೆಟ್ಟಗೆ ಇಳಿದ ಎರೆಹುಳದ ಸುರಂಗ ಅಡ್ಡ ಕೊಯ್ತದಲ್ಲಿ ದುಂಡಗೆ, ಉದ್ದ ಕೊಯ್ತದಲ್ಲಿ ಪಟ್ಟಿಯಂತೆ ಕಾಣುತ್ತದೆ. ಕೆಸರು ಉತ್ತ ಗದ್ದೆಯ ಗಟ್ಟಿಪದರದ ರಂಧ್ರಗಳನ್ನು ತೋಟದವುಗಳೊಂದಿಗೆ ಹೋಲಿಸುವುದಾದರೆ ಎರಡೂ ದಿಕ್ಕಿನಲ್ಲಿ ಕೊಯ್ಯಲೇಬೇಕು. ರಂಧ್ರಗಳು ಒಂದಕ್ಕೊಂದು ಕೂಡಿವೆಯೇ ಎಂಬುದಕ್ಕೆ ಸಿಟಿ ಸ್ಕ್ಯಾನ್ ಬೇಕು, ಆದರೆ 10 ಸೆಂಟಿಮೀಟರ್ ಅಗಲದ ಮಣ್ಣನ್ನು 2,000 ಪಿಕ್ಸೆಲ್‌ಗಳಲ್ಲಿ ಹಿಡಿದರೆ ಅಲ್ಲಿಯೂ ಒಂದು ಪಿಕ್ಸೆಲ್ 50 ಮೈಕ್ರಾನ್.

ವರದಿಯಲ್ಲಿ ‘60 ಮೈಕ್ರಾನಿಗಿಂತ ದೊಡ್ಡ ರಂಧ್ರಗಳು ಶೇ 19’ ಎಂದೇ ಬರೆಯಿರಿ. ಒಂದೇ ಬ್ಲಾಕಿನ ಮೇಲೆ ನಿಲ್ಲಬೇಡಿ: ಗಿಡದ ಬುಡದ್ದು, ಸಾಲಿನ ನಡುವಿನದ್ದು, ಆಳುಗಳು ಓಡಾಡುವ ದಾರಿಯದ್ದು ಬೇರೆಬೇರೆಯಾಗಿ ತೆಗೆಯಿರಿ, ನೀರಿಂಗಲು ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಯ ಅಂಚನ್ನು ಬಿಟ್ಟುಬಿಡಿ.