ಜಿಮ್ ಮುಗಿಸಿ ಕುಡಿಯುವ ಸ್ಮೂದಿಗೆ ಬಾಳೆಹಣ್ಣು ಎಷ್ಟು, ಪ್ರೋಟೀನ್ ಎಷ್ಟು?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಎರಡು ವರ್ಷದ ಹಿಂದಿನ ನನ್ನ ಮಿಕ್ಸಿ ಜಾರೇ ಕಣ್ಣ ಮುಂದೆ ಬಂತು. ನೀವು ಬರೆದಿರುವುದು ಇಷ್ಟು: ತೂಕ 62 ಕೆ.ಜಿ., ಸಸ್ಯಾಹಾರಿ. ಬೆಳಗ್ಗೆ 6ರಿಂದ 7ರವರೆಗೆ ಜಿಮ್. ಮನೆಗೆ ಬಂದು ಒಂದು ಲೋಟ ಹಾಲು, ಎರಡು ಪಚ್ಚಬಾಳೆ, ಐದು ಖರ್ಜೂರ, ಒಂದು ದೊಡ್ಡ ಚಮಚ ಜೇನುತುಪ್ಪ ಹಾಕಿ ರುಬ್ಬಿ ಕುಡಿಯುತ್ತೀರಿ. ಹತ್ತೂವರೆಗೆಲ್ಲ ಹಸಿವು, ಜೊತೆಗೆ ತೂಕಡಿಕೆ. ಕಾರ್ಬೋಹೈಡ್ರೇಟ್ 4 ಪಾಲು, ಪ್ರೋಟೀನ್ 1 ಪಾಲು ಇರಬೇಕಂತೆ, ನಿಜವಾ ಅಂತ ಕೇಳಿದ್ದೀರಿ. ಪ್ರೋಟೀನ್ ಪೌಡರ್ ಬೇಡ ಅಂತಲೂ, ರಾತ್ರಿಯೇ ಮಾಡಿಟ್ಟರೆ ಆಗುತ್ತಾ ಅಂತಲೂ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ತುಮಕೂರಿನಲ್ಲಿ ಒಂದು ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಾರಕ್ಕೆ ನಾಲ್ಕು ದಿನ ಜಿಮ್, ಭಾನುವಾರ ಸೈಕಲ್. ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ತಟ್ಟೆಯಲ್ಲಿ ಏನಿದೆ ಅಂತ ಎಣಿಸುವ ಅಭ್ಯಾಸ ನಮ್ಮ ಮನೆಗೆ ಮೊದಲೇ ಇತ್ತು. ಆದರೆ ನನ್ನ ಸ್ಮೂದಿಯನ್ನು ಮಾತ್ರ ನಾನು ಎಣಿಸಿರಲಿಲ್ಲ. ಹಣ್ಣು, ಹಾಲು, ಜೇನು, ಎಲ್ಲಾ ಒಳ್ಳೇದೇ ಅಲ್ವಾ ಅಂದುಕೊಂಡಿದ್ದೆ. ಮೂರು ತಿಂಗಳು ಹಾಗೇ ಕುಡಿದೆ. ಸೊಂಟದ ಸುತ್ತಳತೆ ಹೆಚ್ಚಾಯಿತು. ಎತ್ತುವ ತೂಕ ಹೆಚ್ಚಾಗಲಿಲ್ಲ. ಹನ್ನೊಂದು ಗಂಟೆಗೆ ಬಿಲ್ಲುಗಳ ಮುಂದೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ಅದಕ್ಕೇ ನಿಮಗೆ ಉದ್ದವಾಗಿ ಬರೆಯಬೇಕು ಅನ್ನಿಸಿತು.

ಮೊದಲು ನಿಮ್ಮ ಲೋಟವನ್ನೇ ಎಣಿಸೋಣ. 200 ಮಿ.ಲೀ. ಹಾಲಿನಲ್ಲಿ ಪ್ರೋಟೀನ್ ಆರೂವರೆ ಗ್ರಾಂ, ಕಾರ್ಬ್ ಒಂಬತ್ತೂವರೆ. ಸಾಧಾರಣ ಗಾತ್ರದ ಒಂದು ಪಚ್ಚಬಾಳೆಯಲ್ಲಿ ಕಾರ್ಬ್ 27 ಗ್ರಾಂ, ಅಂದರೆ ಎರಡಕ್ಕೆ 54. ಚಿಕ್ಕ ಖರ್ಜೂರ ಒಂದಕ್ಕೆ ಸುಮಾರು 6 ಗ್ರಾಂ, ಐದಕ್ಕೆ 30. ಜೇನುತುಪ್ಪ ಒಂದು ದೊಡ್ಡ ಚಮಚಕ್ಕೆ 17. ಕೂಡಿಸಿದರೆ ಕಾರ್ಬ್ 110 ಗ್ರಾಂ. ಪ್ರೋಟೀನ್? ಬಾಳೆಹಣ್ಣು, ಖರ್ಜೂರದಲ್ಲಿರುವ ಚೂರುಪಾರು ಸೇರಿಸಿದರೂ ಹತ್ತು ಗ್ರಾಂ ದಾಟುವುದಿಲ್ಲ. ನೀವು ಕೇಳಿದ್ದು 4ಕ್ಕೆ 1. ಕುಡಿಯುತ್ತಿರುವುದು 11ಕ್ಕೆ 1. ಆ ಹತ್ತೂವರೆ ಹಸಿವಿನ ಮೂಲ ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಈಗ ಆ 4ಕ್ಕೆ 1ರ ವಿಷಯ. ಅದು ಸುಳ್ಳಲ್ಲ, ಆದರೆ ನಿಮಗೆ ಹೇಳಿದ ಮಾತಲ್ಲ. ಗಂಟೆಗಟ್ಟಲೆ ಸೈಕಲ್ ತುಳಿಯುವವರು, ದೂರ ಓಡುವವರು, ಬೆಳಗ್ಗೆ ದಣಿದು ಅದೇ ದಿನ ಸಂಜೆ ಮತ್ತೆ ಅಭ್ಯಾಸಕ್ಕೆ ಇಳಿಯುವವರಿಗೆ ಇರುವ ಲೆಕ್ಕ ಅದು. ಅವರ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಕಾರ್ಬ್‌ನ ದಾಸ್ತಾನು, ಬಹುಪಾಲು ಖರ್ಚಾಗಿರುತ್ತದೆ. ಸಂಜೆಯೊಳಗೆ ಅದನ್ನು ತುಂಬಿಸಲೇಬೇಕು. ಒಂದು ಗಂಟೆ ವೇಟ್ಸ್ ಮಾಡಿದರೆ ಅಷ್ಟು ಖಾಲಿಯಾಗುವುದಿಲ್ಲ, ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕರಗಬಹುದು. ನೀವು ಮತ್ತೆ ಜಿಮ್‌ಗೆ ಹೋಗುವುದು ನಾಳೆ. ಅಷ್ಟರಲ್ಲಿ ಮಧ್ಯಾಹ್ನದ ಮುದ್ದೆ, ಅನ್ನ, ರಾತ್ರಿಯ ಚಪಾತಿ ಎಲ್ಲ ಸೇರಿ ಅದನ್ನು ತುಂಬಿಸುತ್ತವೆ. ನಮ್ಮ ಕಡೆ ಊಟದಲ್ಲಿ ಕಾರ್ಬ್‌ಗೆ ಯಾವತ್ತೂ ಬರ ಇಲ್ಲ. ಬರ ಇರುವುದು ಪ್ರೋಟೀನ್‌ಗೆ.

ಹಾಗಾಗಿ ನಾನು ಪಾಲು ಲೆಕ್ಕ ಹಾಕುವುದನ್ನೇ ಬಿಟ್ಟೆ. ಮೊದಲು ಪ್ರೋಟೀನ್ ಅಳೆದು ಜಾರಿಗೆ ಹಾಕುತ್ತೇನೆ. ಅದು ದಿನಾ ಒಂದೇ. ಕಾರ್ಬ್ ಆಮೇಲೆ, ಅವತ್ತು ಎಷ್ಟು ದುಡಿದಿದ್ದೇನೆ ನೋಡಿಕೊಂಡು.

ಪ್ರೋಟೀನ್ ಎಷ್ಟು? ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ತೂಕ ಎತ್ತಿ ಸ್ನಾಯು ಬೆಳೆಸುವವರಿಗೆ ಅದು ಸಾಲದು, 1.4ರಿಂದ 2 ಗ್ರಾಂವರೆಗೆ ಬೇಕು. 62 ಕೆ.ಜಿ.ಗೆ ದಿನಕ್ಕೆ 90–100 ಗ್ರಾಂ ಗುರಿ ಇಟ್ಟುಕೊಳ್ಳಿ. ಅದರಲ್ಲಿ ಬೆಳಗಿನ ಲೋಟದಿಂದ 20–25 ಗ್ರಾಂ ಬಂದರೆ ಸಾಕು. ಪ್ರೋಟೀನ್ ಅಷ್ಟಿದ್ದಾಗ ಅದರ ಮೇಲೆ ಜೇನು, ಖರ್ಜೂರ ಸುರಿದರೆ ಸ್ನಾಯು ಕಟ್ಟುವ ಕೆಲಸ ಜಾಸ್ತಿಯೇನೂ ಆಗುವುದಿಲ್ಲ.

ಪೌಡರ್ ಇಲ್ಲದೆ 20 ಗ್ರಾಂ ಮುಟ್ಟುವುದೇ ಕಷ್ಟದ ಕೆಲಸ. ನಾನು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ಕೊನೆಗೆ ನಿಂತಿದ್ದು ಹುರಿಗಡಲೆಯ ಮೇಲೆ. ಹೌದು, ಚಟ್ನಿಗೆ ಹಾಕುವ ಹುರಿಗಡಲೆಯೇ. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ನನ್ನ ಒಂದು ಹಿಡಿ ತೂಗಿದೆ. 32 ಗ್ರಾಂ ಬಂತು. 30 ಗ್ರಾಂ ಹುರಿಗಡಲೆಯಲ್ಲಿ ಆರೂವರೆ ಗ್ರಾಂ ಪ್ರೋಟೀನ್ ಇದೆ, ಅಂದರೆ ಒಂದು ಹಿಡಿಗೆ ಒಂದು ಲೋಟ ಹಾಲಿನಷ್ಟು. ಅದನ್ನು ಹಾಗೇ ಹಾಕಬೇಡಿ. ಒಣ ಜಾರಿನಲ್ಲಿ ಮೊದಲು ನುಣ್ಣಗೆ ಪುಡಿ ಮಾಡಿ. ಬೆರಳಲ್ಲಿ ತಿಕ್ಕಿದರೆ ಮೈದಾ ತರಹ ಇರಬೇಕು. ತರಿ ಉಳಿದರೆ ಲೋಟದ ತಳದಲ್ಲಿ ಮರಳಿನಂತೆ ಕೂರುತ್ತದೆ, ಕೊನೆಯ ಗುಟುಕು ಗಂಟಲಲ್ಲಿ ಇಳಿಯುವುದಿಲ್ಲ. ಮೊದಲ ವಾರ ಅರ್ಧ ಹಿಡಿ ಸಾಕು. ಅಭ್ಯಾಸ ಇಲ್ಲದ ಹೊಟ್ಟೆ ಉಬ್ಬರಿಸುತ್ತದೆ.

ಎರಡನೆಯದು ಕೆನೆ ತೆಗೆದ ಹಾಲಿನ ಪುಡಿ. ಟೀಗೆ ಹಾಕುವ, ಸಕ್ಕರೆ ಬೆರೆಸಿದ ಪುಡಿ ಅಲ್ಲ. ಪ್ಯಾಕೆಟ್ ಹಿಂದೆ ಓದಿ, 100 ಗ್ರಾಂಗೆ ಪ್ರೋಟೀನ್ 35 ಗ್ರಾಂ ಹತ್ತಿರ ಇರಬೇಕು. 25 ಗ್ರಾಂ ಹಾಕಿದರೆ ಸುಮಾರು 9 ಗ್ರಾಂ ಪ್ರೋಟೀನ್ ಸಿಕ್ಕಿತು.

ಹಾಗಾಗಿ ನನ್ನ ಮಾಮೂಲಿ ದಿನದ ಜಾರು ಹೀಗಿದೆ: ಒಂದು ಲೋಟ ಹಾಲು, 25 ಗ್ರಾಂ ಹಾಲಿನ ಪುಡಿ, ಒಂದು ಹಿಡಿ ಹುರಿಗಡಲೆ ಪುಡಿ, ಒಂದೇ ಒಂದು ಏಲಕ್ಕಿ ಬಾಳೆ. ಪ್ರೋಟೀನ್ 22 ಗ್ರಾಂ, ಕಾರ್ಬ್ 50ರ ಆಸುಪಾಸು. ಕ್ಯಾಲೊರಿ ನಿಮ್ಮದರಲ್ಲಿ 500 ದಾಟಿದ್ದರೆ ಇದರಲ್ಲಿ 370ರ ಹತ್ತಿರ. ಹಾಲಿನ ಪುಡಿಗೆ ತನ್ನದೇ ಸಿಹಿ ಇರುವುದರಿಂದ ಜೇನು ನೆನಪಾಗುವುದಿಲ್ಲ. ತೂಕ ಇಳಿಸುವ ಯೋಚನೆ ಇಲ್ಲದಿದ್ದರೆ ನೆನೆಸಿದ ಕಡಲೆಕಾಯಿ ಬೀಜ 15 ಗ್ರಾಂ ಸೇರಿಸಿ, ಇನ್ನೂ ನಾಲ್ಕು ಗ್ರಾಂ ಪ್ರೋಟೀನ್ ಬರುತ್ತದೆ. ಪಾವಗಡದ ಕಡೆಯ ಕಡಲೆಕಾಯಿ ನಮಗೆ ಸುಲಭವಾಗಿ ಸಿಗುತ್ತದೆ. ಆದರೆ ಅದರ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಎನ್ನುವುದು ನೆನಪಿರಲಿ.

ಭಾನುವಾರ ಬೇರೆ ಕಥೆ. ನಾವು ಮೂವರು ಬೆಳಗಿನ ಜಾವ ಹೊರಟು ನಾಮದ ಚಿಲುಮೆ ದಾಟಿ ದೇವರಾಯನದುರ್ಗ ಹತ್ತುತ್ತೇವೆ. ಊರಿಂದ ಅಲ್ಲಿಗೆ ಹದಿನೈದು ಕಿಲೋಮೀಟರ್ ಅಷ್ಟೇ. ಆದರೆ ಭೋಗ ನರಸಿಂಹ ಸ್ವಾಮಿ ದೇವಸ್ಥಾನದಿಂದ ಮೇಲಿನ ಏರು ತೊಡೆಯಲ್ಲಿರುವುದನ್ನೆಲ್ಲ ಹಿಂಡಿ ತೆಗೆಯುತ್ತದೆ. ವಾಪಸ್ ಬರುವಾಗ ಕೈ ಸಣ್ಣಗೆ ನಡುಗುತ್ತಿರುತ್ತದೆ. ಅವತ್ತು ಜಾರಿನಲ್ಲಿ ಹಾಲು, ಹಾಲಿನ ಪುಡಿ, ಹುರಿಗಡಲೆ, ಒಂದು ಬಾಳೆ ಮಾಮೂಲಿ ದಿನದಷ್ಟೇ ಇರುತ್ತದೆ. ಅದರ ಮೇಲೆ ಇನ್ನೆರಡು ಏಲಕ್ಕಿ ಬಾಳೆ, ಎರಡು ದೊಡ್ಡ ಚಮಚ ರಾಗಿ ಹುರಿಹಿಟ್ಟು, ನೆಲ್ಲಿಕಾಯಿ ಗಾತ್ರದ ಬೆಲ್ಲ. ಈಗ ಕಾರ್ಬ್ 100 ಗ್ರಾಂ, ಪ್ರೋಟೀನ್ 24. ನೋಡಿ, ನೀವು ಕೇಳಿದ ಆ 4ಕ್ಕೆ 1 ಇಲ್ಲಿ ತಾನಾಗೇ ಬಂತು. ಅದಕ್ಕೆ ತಕ್ಕ ದುಡಿಮೆಯೂ ಅವತ್ತು ಆಗಿರುತ್ತದೆ.

ಹುರಿಹಿಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮಜ್ಜಿ ರಾಗಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟು, ಮಾರನೇ ದಿನ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಅರಳಿಸುತ್ತಿದ್ದರು. ಕೆಂಪು ಕಾಳು ಚಟಪಟ ಅಂತ ಒಡೆದು ಬೆಳ್ಳಗಾಗುವಾಗ ಏಳುವ ಆ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಬೀಸಿದ ಮೇಲೆ ಅದನ್ನು ಮತ್ತೆ ಬೇಯಿಸುವ ಅಗತ್ಯ ಇಲ್ಲ, ಹಾಲಿಗೋ ಮಜ್ಜಿಗೆಗೋ ಕಲಸಿ ತಿನ್ನಬಹುದು. ಸ್ಮೂದಿಗೆ ಇದು ಹೇಳಿ ಮಾಡಿಸಿದ್ದು. ಹಸಿ ರಾಗಿ ಹಿಟ್ಟು ಮಾತ್ರ ಹಾಕಬೇಡಿ, ಬೇಯದ ಹಿಟ್ಟು ಸುಲಭವಾಗಿ ಅರಗುವುದಿಲ್ಲ. ರಾಗಿಯಲ್ಲಿ ಪ್ರೋಟೀನ್ 100 ಗ್ರಾಂಗೆ ಏಳೇ ಗ್ರಾಂ, ಅದನ್ನೇ ನಂಬಿಕೊಂಡರೆ ಆಗದು. ಆದರೆ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ, ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಕಡಲೆಯಲ್ಲಿದೆ, ಕಡಲೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ರಾಗಿಯಲ್ಲಿದೆ. ಹುರಿಹಿಟ್ಟಿಗೆ ಹುರಿಗಡಲೆ ಸೇರಿಸುವ ನಮ್ಮ ಹಿರಿಯರ ರೂಢಿ ನನಗೆ ಈಗ ಇನ್ನೂ ಇಷ್ಟವಾಗುತ್ತದೆ.

ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರಿಗೆ ಹಾಲಿನ ಪುಡಿ ಇನ್ನೂ ಕಷ್ಟ, ಅದರಲ್ಲಿ ಅರ್ಧ ಭಾಗ ಹಾಲಿನ ಸಕ್ಕರೆಯೇ. ಅಂಥವರು 300 ಗ್ರಾಂ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿ ಫ್ರಿಜ್ಜಿನಲ್ಲಿ ಜಾಲರಿಯ ಮೇಲಿಡಿ, ಕೆಳಗೊಂದು ಪಾತ್ರೆ. ಬೆಳಗ್ಗೆ ಬೆಣ್ಣೆಯಂಥ ಗಟ್ಟಿ ಮೊಸರು ಸಿಗುತ್ತದೆ, ಪ್ರೋಟೀನ್ 8 ಗ್ರಾಂ ಆಸುಪಾಸು. ಹುರಿಗಡಲೆ ಒಂದು ಹಿಡಿ, ಕಡಲೆಕಾಯಿ ಬೀಜ 20 ಗ್ರಾಂ ಸೇರಿದರೆ 20 ಮುಟ್ಟಿತು. ಬೇಸಿಗೆಯಲ್ಲಿ ನನಗೆ ಇದೇ ಇಷ್ಟ. ಮೊಸರೂ ಆಗದಿದ್ದರೆ ಸಿಹಿ ಇಲ್ಲದ ಸೋಯಾ ಹಾಲು ನಡೆಯುತ್ತದೆ. ಬಾದಾಮಿ ಹಾಲು ಪ್ರೋಟೀನ್ ಲೆಕ್ಕಕ್ಕೆ ಬರುವುದಿಲ್ಲ. ತೆಂಗಿನ ಹಾಲೂ ಅಷ್ಟೇ. ತೆಂಗಿನ ಸೀಮೆಯವನಾಗಿ ಹೇಳುತ್ತಿದ್ದೇನೆ, ರುಚಿಗೆ ಹಾಕಿಕೊಳ್ಳಿ, ಆದರೆ ಅದರಲ್ಲಿರುವುದು ಕೊಬ್ಬು. ಎಳನೀರು ಬೆವರು ಸುರಿದ ದಿನಕ್ಕೆ ಒಳ್ಳೇದು, ಪೊಟ್ಯಾಸಿಯಂ ಇದೆ. ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು.

ಮೊಟ್ಟೆ ತಿನ್ನುವವರೂ ಇದನ್ನು ಓದಬಹುದು, ಅವರಿಗೊಂದು ಮಾತು. ಮೊದಲು ಹೋಗುತ್ತಿದ್ದ ಜಿಮ್‌ನಲ್ಲಿ ದಿನಾ ಐದು ಹಸಿ ಮೊಟ್ಟೆ ಸ್ಮೂದಿಗೆ ಒಡೆದು ಹಾಕು ಅಂತ ನನಗೆ ಹೇಳಿದ್ದರು. ಎರಡು ವಾರ ಮಾಡಿದೆ, ಆಮೇಲೆ ನಾಲ್ಕು ದಿನ ಹೊಟ್ಟೆ ಕೆಟ್ಟು ಮಲಗಿದೆ. ಹಸಿ ಮೊಟ್ಟೆಯ ಪ್ರೋಟೀನ್‌ನಲ್ಲಿ ದೇಹಕ್ಕೆ ಸೇರುವುದು ಅರ್ಧದಷ್ಟು ಮಾತ್ರ. ಬೇಯಿಸಿದ್ದರಲ್ಲಿ ಶೇ. 90ರಷ್ಟು ಸೇರುತ್ತದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ. ಬೇಯಿಸಿ ಪಕ್ಕದಲ್ಲಿ ತಿನ್ನಿ, ಒಂದಕ್ಕೆ 6 ಗ್ರಾಂ.

ಇನ್ನು ಹೊತ್ತಿನ ಮಾತು. ಜಿಮ್ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲಾ ವ್ಯರ್ಥ ಅನ್ನುವುದನ್ನು ನಂಬಬೇಡಿ, ಸ್ನಾಯು ಗಂಟೆಗಟ್ಟಲೆ ಪ್ರೋಟೀನ್‌ಗೆ ಕಾಯುತ್ತದೆ. ಆದರೆ ರಾತ್ರಿ 9ಕ್ಕೆ ಉಂಡು ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಹೋಗುವವರಾದರೆ, ಎಂಟು ಎಂಟೂವರೆಯೊಳಗೆ ಕುಡಿಯಿರಿ. ಗಟಗಟ ಬೇಡ. ಕುಡಿದದ್ದು ಅಗಿದು ತಿಂದಷ್ಟು ಹೊತ್ತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನಾನು ಡಬ್ಬಿಯಲ್ಲಿ ಹೆಸರುಕಾಳು ಉಸಲಿ ಒಯ್ಯುತ್ತೇನೆ. ಹನ್ನೊಂದಕ್ಕೆ ನಾಲ್ಕು ಚಮಚ ತಿಂದರೆ ಮಧ್ಯಾಹ್ನದವರೆಗೆ ಯೋಚನೆ ಇಲ್ಲ. ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇದ್ದರೆ ಈ ಅಳತೆಗಳನ್ನು ನಿಮ್ಮ ಡಾಕ್ಟರ್‌ಗೆ ತೋರಿಸಿಯೇ ಶುರು ಮಾಡಿ. ಅಪ್ಪನಿಗೆ ನಾನು ಇದನ್ನು ಕೊಡುವುದಿಲ್ಲ.

ರಾತ್ರಿಯೇ ಮಾಡಿಡಬಹುದಾ ಅಂದಿರಿ. ರುಬ್ಬಿಡಬೇಡಿ. ಬಾಳೆಹಣ್ಣು ಕಪ್ಪಾಗುತ್ತದೆ, ಹುರಿಗಡಲೆ ಹಿಟ್ಟು ನೀರು ಕುಡಿದು ಬೆಳಗ್ಗೆಗೆ ಅಂಬಲಿ ಆಗಿರುತ್ತದೆ. ನಾನು ಭಾನುವಾರ ಸಂಜೆ ಹುರಿಗಡಲೆ ಪುಡಿ, ಹಾಲಿನ ಪುಡಿ ತೂಗಿ ವಾರಕ್ಕಾಗುವಷ್ಟು ನಾಲ್ಕು ಚಿಕ್ಕ ಡಬ್ಬಿಗಳಲ್ಲಿ ಹಾಕಿಡುತ್ತೇನೆ. ಚಮಚ ಒದ್ದೆ ಇರಬಾರದು, ಗಂಟು ಕಟ್ಟುತ್ತದೆ. ಬೆಳಗ್ಗೆ ಜಾರಿಗೆ ಮೊದಲು ಹಾಲು, ಆಮೇಲೆ ಪುಡಿ, ಕೊನೆಗೆ ಬಾಳೆಹಣ್ಣು. ಪುಡಿ ಮೊದಲು ಹಾಕಿದರೆ ಬ್ಲೇಡಿನ ಕೆಳಗೆ ಅಂಟಿ ಕೂರುತ್ತದೆ. ಒಂದು ನಿಮಿಷ ತಿರುಗಿಸಿದರೆ ಆಯಿತು.