ಗಣಿಗಾರಿಕೆ ನಡೆದ ಶಿಲಾಯುಗದ ನೆಲೆಯಲ್ಲಿ ಇನ್ನೇನು ಉಳಿದಿರುತ್ತದೆ?

ಹಿಂದೊಮ್ಮೆ ಶಿಲಾಯುಧಗಳು ಸಿಕ್ಕಿವೆಯೆಂದು ವರದಿಯಾಗಿದ್ದ ನೆಲೆಯಲ್ಲಿ ಆಮೇಲೆ ಗಣಿಗಾರಿಕೆ ನಡೆದಿದೆ, ಈಗ ಮತ್ತೆ ಹೋಗಿ ಪರಿಶೀಲಿಸುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಇಂಥದೇ ಒಂದು ನೆಲೆಯಲ್ಲಿ ಅಗೆದ ಹೊಂಡ, ಸುತ್ತಲಿನ ಮಣ್ಣಿನ ಗುಡ್ಡೆ, ಚೆಲ್ಲಾಪಿಲ್ಲಿಯಾದ ಕಲ್ಲುಗಳನ್ನು ನೋಡಿ ‘ಪೂರ್ಣ ನಾಶವಾಗಿದೆ’ ಎಂದು ಟಿಪ್ಪಣಿ ಬರೆದು ಬಂದಿದ್ದೆ. ಮಳೆಗಾಲ ಕಳೆದ ಮೇಲೆ ಮತ್ತೆ ಹೋದಾಗ, ಮಳೆ ತೊಳೆದಿದ್ದ ಹೊಂಡದ ಗೋಡೆಯಲ್ಲಿ, ಆಯುಧ ಕೆತ್ತುವಾಗ ಎದ್ದ ಕಲ್ಲಿನ ಚಕ್ಕೆಗಳ ಸಾಲೊಂದು ಕದಲದೆ ಕುಳಿತಿತ್ತು. ಮೊದಲ ಸಲವೂ ಅದು ಅಲ್ಲೇ ಇತ್ತು. ನಾನು ಗೋಡೆಯನ್ನು ನೋಡಿರಲಿಲ್ಲ.

ಅಗೆತ ನೆಲೆಯನ್ನು ಕೆಡಿಸುತ್ತದೆ, ಜೊತೆಗೆ ಒಳಗಿನ ಪದರಗಳನ್ನು ತೆರೆದೂ ತೋರಿಸುತ್ತದೆ. 1859ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನಿ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಪುರಾತತ್ವಜ್ಞ ಜಾನ್ ಇವಾನ್ಸ್ ಫ್ರಾನ್ಸಿನ ಸೇಂಟ್ ಅಶೂಲ್‌ನಲ್ಲಿ ಕೈಗೊಡಲಿಯೊಂದನ್ನು ಅದು ಹೂತಿದ್ದ ಜಾಗದಲ್ಲೇ ನೋಡಿ ಛಾಯಾಚಿತ್ರ ತೆಗೆಸಿದ್ದು ಜಲ್ಲಿ ತೆಗೆಯುತ್ತಿದ್ದ ಹೊಂಡದ ಗೋಡೆಯಲ್ಲಿ. ಮನುಷ್ಯಕುಲ ಬಹಳ ಪ್ರಾಚೀನವಾದದ್ದು ಎಂಬ ವಾದವನ್ನು ವಿದ್ವಾಂಸರು ಒಪ್ಪುವಲ್ಲಿ ಆ ಗೋಡೆಯ ಪಾಲು ದೊಡ್ಡದು. ಕರ್ನಾಟಕದ ಹುಣಸಗಿ ಕಣಿವೆಯ ಇಸಾಂಪುರ ನೆಲೆಯೂ ಬೆಳಕಿಗೆ ಬಂದದ್ದು ನೀರಾವರಿ ಕಾಮಗಾರಿಗಾಗಿ ಮೇಲಿನ ಹೂಳುಮಣ್ಣನ್ನು ತೆಗೆದಾಗ. ಅಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಉತ್ಖನನ ನಡೆಸಿ, ಸುಣ್ಣಕಲ್ಲಿನ ಹಾಸುಗಳಿಂದ ಆಯುಧ ಮಾಡುತ್ತಿದ್ದ ಹಳೆ ಶಿಲಾಯುಗದ ಕಾರ್ಯಸ್ಥಳವನ್ನು ಗುರುತಿಸಿತು. ಅಲ್ಲಿನ ಪ್ರಾಣಿಗಳ ಹಲ್ಲಿನಿಂದ ಸಿಕ್ಕ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದು.

ಆದ್ದರಿಂದ ನೆಲೆ ಹಾಳಾಗಿದೆಯೇ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಯಾವ ಭಾಗ ಎಷ್ಟು ದೂರ ಸರಿದಿದೆ ಎಂದು ಕೇಳಿ. ಅಗೆಯದೆ ಉಳಿದ ಅಂಚು, ಹೊಂಡದ ಗೋಡೆ, ಹೊರಹಾಕಿದ ಮಣ್ಣು ಈ ಮೂರನ್ನೂ ನಕ್ಷೆಯಲ್ಲಿ ಬೇರೆ ಬೇರೆಯಾಗಿ ಗುರುತಿಸಿ. ಒಂದರ ಕಲ್ಲು ಇನ್ನೊಂದರ ಚೀಲಕ್ಕೆ ಬಿದ್ದರೆ ಆ ನಷ್ಟವನ್ನು ಮತ್ತೆ ಸರಿಪಡಿಸಲಾಗದು.

ನಿಜವಾದ ಕಷ್ಟ ಇರುವುದು ಕಲ್ಲುಗಳನ್ನು ಓದುವುದರಲ್ಲಿ. ಜೆಸಿಬಿಯ ಹಲ್ಲು ಮತ್ತು ಕ್ರಷರ್‌ನ ದವಡೆ ಕೂಡ ಚಕ್ಕೆ ಎಬ್ಬಿಸುತ್ತವೆ. ಪೆಟ್ಟು ಬಿದ್ದ ಜಾಗದ ಕೆಳಗಿನ ಉಬ್ಬು ಅವುಗಳಲ್ಲೂ ಕಾಣಬಹುದು. ಉಬ್ಬು ಇದೆ, ಹಾಗಾಗಿ ಮನುಷ್ಯ ಮಾಡಿದ್ದು ಎಂದು ತೀರ್ಮಾನಿಸಬೇಡಿ. ನಾನು ಮೊದಲು ನೋಡುವುದು ಮೈಬಣ್ಣವನ್ನು. ಹಳೆಯ ಒಡೆತದ ಮೇಲೆ ಕಾಲ ಒಂದು ಪೊರೆಯನ್ನು ಕಟ್ಟಿರುತ್ತದೆ, ಹೊಸ ಒಡೆತ ಹಸಿಯಾಗಿ ಹೊಳೆಯುತ್ತದೆ. ಒಂದೇ ಕಲ್ಲಿನಲ್ಲಿ ಎರಡೂ ಇದ್ದರೆ ಅದು ಹಳೆಯ ಆಯುಧ, ಯಂತ್ರದಿಂದ ಪೆಟ್ಟು ತಿಂದಿದೆ ಎಂದಾಗಬಹುದು. ಆದರೆ ಪೊರೆ ಒಂದೇ ಸಾಕ್ಷಿಯಾಗಲಾರದು, ಏಕೆಂದರೆ ನಿಸರ್ಗವೂ ಬಹಳ ಹಿಂದೆಯೇ ಕಲ್ಲನ್ನು ಒಡೆದಿರಬಹುದು. ಆಮೇಲೆ ನೋಡಬೇಕಾದದ್ದು ಕ್ರಮ. ಮನುಷ್ಯ ಒಂದು ಚಕ್ಕೆ ತೆಗೆದ ಮೇಲೆ ಅದೇ ಅಂಚನ್ನು ಬಳಸಿ ಮುಂದಿನದನ್ನು ತೆಗೆಯುತ್ತಾನೆ. ಹೊಡೆಯುವ ಕೋನವನ್ನು ಕಾಯ್ದುಕೊಳ್ಳುತ್ತಾನೆ. ಯಂತ್ರಕ್ಕೆ ಆ ಯೋಚನೆಯಿಲ್ಲ, ಅದರ ಪೆಟ್ಟುಗಳು ದಿಕ್ಕುದೆಸೆಯಿಲ್ಲದೆ ಬಿದ್ದಿರುತ್ತವೆ. ಲೋಹ ಉಜ್ಜಿದ ಗೀರು ಇದ್ದರೆ ಅದು ಯಂತ್ರದ ಪೆಟ್ಟೇ ಎಂಬುದರಲ್ಲಿ ಸಂಶಯ ಇನ್ನಷ್ಟು ಕಡಿಮೆಯಾಗುತ್ತದೆ. ಬಿಡಿಬಿಡಿ ಕಲ್ಲಿನ ಮೇಲೆ ತೀರ್ಪು ಕೊಡದೆ ಇಡೀ ಗುಂಪನ್ನು ಹರಡಿಕೊಂಡು ನೋಡಿ. ಹಳೆಯ ವರದಿಯ ಕಾಲದಲ್ಲಿ ಸಂಗ್ರಹಿಸಿದ ಕಲ್ಲುಗಳು ಎಲ್ಲಾದರೂ ಉಳಿದಿದ್ದರೆ ಅವುಗಳೊಂದಿಗೆ ಹೋಲಿಸಿ.

ಮಣ್ಣಿನ ಗುಡ್ಡೆಯನ್ನೂ ಕಸವೆಂದು ಬಿಡಬೇಡಿ. ಅಗೆದದ್ದನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಪದರಗಳು ಸರಿಸುಮಾರು ತಲೆಕೆಳಗಾಗಿರುತ್ತವೆ: ಮೇಲ್ಮಣ್ಣು ತಳದಲ್ಲಿ, ಆಳದ್ದು ನೆತ್ತಿಯಲ್ಲಿ. ಅಳತೆಯಿಟ್ಟು ಸ್ವಲ್ಪ ಮಣ್ಣನ್ನು ಜರಡಿ ಹಿಡಿಯಿರಿ. ದೊಡ್ಡ ಆಯುಧಗಳಿಗಿಂತ ಉಗುರಿನಷ್ಟು ಚಿಕ್ಕ ಚೂರುಗಳು ಸಿಕ್ಕರೆ ನನಗೆ ಹೆಚ್ಚು ಸಂತೋಷ. ನೀರು ಮೊದಲು ಕೊಚ್ಚಿಕೊಂಡು ಹೋಗುವುದು ಅವನ್ನೇ, ಹಾಗಾಗಿ ಅವು ಹೇರಳವಾಗಿದ್ದರೆ ಕಲ್ಲನ್ನು ಕೆತ್ತಿದ ಜಾಗ ಹತ್ತಿರದಲ್ಲೇ ಇತ್ತೆಂದು ಊಹಿಸಬಹುದು. ಒಂದು ಚಕ್ಕೆ ಇನ್ನೊಂದಕ್ಕೆ ಸರಿಯಾಗಿ ಕೂಡಿಕೊಂಡರಂತೂ ಅವೆರಡೂ ಎಷ್ಟು ದೂರ ಚದುರಿದವು ಎಂಬುದನ್ನೇ ಅಳೆಯಬಹುದು.

ಕಾಲನಿರ್ಣಯಕ್ಕೆ ಮಾತ್ರ ಈ ಗುಡ್ಡೆ ಸಾಲದು. ಮರಳಿನ ಕಣಗಳು ಕೊನೆಯ ಬಾರಿ ಬೆಳಕು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನಕ್ಕೆ ಬೆಳಕು ತಾಗದ ಮಣ್ಣು ಬೇಕು. ಅಗೆದು ಸುರಿದ ಮಣ್ಣಿಗೆ ಬಿಸಿಲು ತಾಗಿರುತ್ತದೆ. ಗೋಡೆಯ ಹೊರಮೈಯನ್ನು ಕೆರೆದು, ಒಳಕ್ಕೆ ಲೋಹದ ಕೊಳವೆ ಬಡಿದು ಮಾದರಿ ತೆಗೆಯಬೇಕು. ಇದು ತಜ್ಞರ ಕೆಲಸ, ನೀವೇ ಪ್ರಯತ್ನಿಸಬೇಡಿ.

ಮೊದಲ ಭೇಟಿಯಲ್ಲಿ ಒಂದು ಕಲ್ಲನ್ನೂ ಎತ್ತಬೇಡಿ. ಅಂಥ ಗೋಡೆಗಳು ಕುಸಿಯುತ್ತವೆ, ಬುಡಕ್ಕೆ ಹೋಗದೆ ದೂರದಿಂದಲೇ, ಅಳತೆಗೋಲು ಕಾಣುವಂತೆ ಉದ್ದಕ್ಕೂ ಫೋಟೊ ತೆಗೆಯಿರಿ. ಸಾಧ್ಯವಾದರೆ ಮುಂದಿನ ಮಳೆಗೆ ಮುಂಚೆಯೇ ಹೋಗಿ. ನನಗೆ ಮಳೆ ಚಕ್ಕೆಗಳನ್ನು ತೋರಿಸಿತು ನಿಜ, ಆದರೆ ಅದೇ ಮಳೆಗೆ ಆ ಗೋಡೆಯ ಇನ್ನೊಂದು ತುದಿ ಜರಿದುಬಿದ್ದಿತ್ತು. ಅಲ್ಲಿ ಏನಿತ್ತೆಂದು ತಿಳಿಯಲು ನನ್ನ ಬಳಿ ಒಂದು ಚಿತ್ರವೂ ಇಲ್ಲ.